ಎಣ್ಣೆಯಲ್ಲಿ ಮಿಂದ ಹಕ್ಕಿ

ಮದುವೆಯಾಗಿ ದಾಂಡೇಲಿಗೆ ಬಂದ ಮೊದಲ ವರ್ಷ ನಾನು ಹಗಲನ್ನೆಲ್ಲ ಹಿತ್ತಲಲ್ಲೇ ಕಳೆದೆ. ನಮ್ಮವರಿಗೆ ಕಾಗದದ ಗಿರಣಿಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಪಾಳಿ ಬಿಡುವ ಭೋಂಗಾ ಕೂಗಿದ ಮೇಲೆ ಮನೆಗೆ ಬರುತ್ತಿದ್ದರು. ಸ್ನಾನ, ಲಿಂಗಪೂಜೆ ಮುಗಿಸಿ, ರೊಟ್ಟಿ ತಿಂದು, ಕಿಟಕಿಗೆ ಗೋಣಿಚೀಲ ಇಳಿಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಚಾಳಿನ ಕೊನೆಯ ಮನೆ ನಮ್ಮದು. ಒಂದು ಖೋಲಿ, ಒಂದು ಅಡುಗೆಮನೆ, ನಡುವೆ ಬಾಗಿಲಿಲ್ಲ, ಹಳೆ ಸೀರೆಯ ಪರದೆ. ಚಮಚ ಬಿದ್ದರೂ ಮನೆಯೆಲ್ಲ ಕೇಳುತ್ತಿತ್ತು.

ಅತ್ತೆ ಮುಂಡಗೋಡದ ಹತ್ತಿರದ ತಮ್ಮೂರು ಇಂದೂರಿನಿಂದ ನಮ್ಮನ್ನು ಕಳಿಸಿಕೊಡುವಾಗ ಒಂದು ಮಾತು ಒತ್ತಿ ಹೇಳಿದ್ದರು.

"ರಾತ್ರಿ ಪಾಳಿ ಮಾಡೂ ಗಂಡಸಿನ ನಿದ್ದಿ ಕೆಡಸಬ್ಯಾಡವಾ. ನಿದ್ದಿಗಣ್ಣಾಗ ಕೈ ಮಷೀನಿನ್ಯಾಗ ಹೋದ್ರ ಏನ್ ಮಾಡ್ತಿ?"

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅವರು ಮಲಗಿದರೆಂದರೆ ನಾನು ಪಾತ್ರೆಗಳನ್ನು ಸೆರಗಿನಲ್ಲಿ ಸುತ್ತಿ ಹಿತ್ತಲಿಗೆ ತಂದು ಬೂದಿಯಲ್ಲಿ ತಿಕ್ಕುತ್ತಿದ್ದೆ. ಬಳೆ ಸದ್ದಾಗದಂತೆ ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದೆ. ತಿಕ್ಕಿದ್ದು ಮುಗಿದರೆ ಮತ್ತೆ ಏನೂ ಇರುತ್ತಿರಲಿಲ್ಲ. ನಾನು ತೇರಗಾಂವದ ಹೊಲದಲ್ಲಿ ಬೆಳೆದವಳು. ನಾಟಿ, ಕಳೆ, ಕೊಯ್ಲು ಅಂತ ದಿನವಿಡೀ ಬಗ್ಗಿ ಎದ್ದು ಅಭ್ಯಾಸವಾದ ಮೈ. ಅದಕ್ಕೆ ಕೆಲಸ ಸಿಗದೆ ಕಾಲಿನ ಮೀನಖಂಡದಲ್ಲಿ ಏನೋ ಹರಿದಾಡಿದ ಹಾಗೆ ಆಗುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನಿಂದ ನುಗ್ಗೆಗಿಡದ ತನಕ, ನುಗ್ಗೆಗಿಡದಿಂದ ಕಲ್ಲಿನ ತನಕ ಸುಮ್ಮನೆ ನಡೆಯುತ್ತಿದ್ದೆ. ಯಾರಾದರೂ ನೋಡಿದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆಂದು ಕೈಯಲ್ಲಿ ಒಂದು ತಂಬಿಗೆ ಹಿಡಿದಿರುತ್ತಿದ್ದೆ.

ಹಕ್ಕಿಗಳನ್ನು ನಾನು ನೋಡತೊಡಗಿದ್ದು ಹಾಗೆ, ಬೇರೆ ಏನೂ ಇಲ್ಲದೆ. ಊರಲ್ಲಿ ಹಕ್ಕಿ ಅಂದರೆ ಓಡಿಸಬೇಕಾದ್ದು. ಗುಬ್ಬಿಗೆ, ಗಿಳಿಗೆ ಕವಣೆ ಬೀಸಿ ಗಂಟಲು ಹರಿಯುವ ಹಾಗೆ ಕೂಗುವುದೇ ನನಗೆ ಗೊತ್ತಿದ್ದ ಸಂಬಂಧ. ಇಲ್ಲಿ ಕಾಯಲು ಬೆಳೆ ಇರಲಿಲ್ಲ, ಕೂಗುವ ಹಾಗೂ ಇರಲಿಲ್ಲ. ದಾಸವಾಳದ ಹೂವಿಗೆ ಹೆಬ್ಬೆರಳಿನಷ್ಟೇ ದೊಡ್ಡದಾದ ಒಂದು ಹಕ್ಕಿ ತಲೆಕೆಳಗಾಗಿ ಜೋತುಬೀಳುತ್ತಿತ್ತು. ಹೀರೆಬಳ್ಳಿಯ ಸಂದಿಯಲ್ಲಿ ಇನ್ನೊಂದು ಬಾಲ ನಿಮಿರಿಸಿಕೊಂಡು ಟುವ್ವಿ ಟುವ್ವಿ ಅಂತ ತನ್ನ ಮೈಗಿಂತ ದೊಡ್ಡ ದನಿಯಲ್ಲಿ ಕೂಗುತ್ತಿತ್ತು. ಒಂದು ಜೋಡಿ ಮಾತ್ರ ದಿನಾ ತಪ್ಪದೆ ಬರುತ್ತಿತ್ತು. ತಲೆಯ ಮೇಲೆ ಕರಿಯ ಚೂಪು ಜುಟ್ಟು, ಕೆನ್ನೆಯಲ್ಲಿ ಕುಂಕುಮದ ಚುಕ್ಕೆ, ಬಾಲದ ಬುಡದಲ್ಲೂ ಕೆಂಪು. ನಾನು ಕಲ್ಲಿನ ಮೇಲೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತಿದ್ದೆ. ಅವೆರಡೂ ಸರದಿಯಲ್ಲಿ ಇಳಿದು ರೆಕ್ಕೆ ಬಡಿದು ಮೀಯುತ್ತಿದ್ದವು. ಆಮೇಲೆ ಕೊಂಬೆಯ ಮೇಲೆ ಕೂತು ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಎಳೆಯುತ್ತಿದ್ದವು. ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಅವುಗಳನ್ನು ನೋಡುತ್ತಿದ್ದರೆ ನನ್ನ ಚಡಪಡಿಕೆ ಕಡಿಮೆಯೇನೂ ಆಗುತ್ತಿರಲಿಲ್ಲ. ಆದರೆ ಅದಕ್ಕೆ ಜೊತೆ ಸಿಕ್ಕ ಹಾಗೆ ಅನಿಸುತ್ತಿತ್ತು.

ನಮ್ಮ ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಬಿದಿರಿನ ತಟ್ಟಿ ಇತ್ತು. ಆಚೆ ಇದ್ದವರು ಹಳಿಯಾಳದ ಮುಸಲ್ಮಾನರು. ಗಂಡ ಲಾರಿ ರಿಪೇರಿ ಮಾಡುವ ಮಿಸ್ತ್ರಿ. ಕಾಡಿನಿಂದ ಬಿದಿರು ತರುವ ಲಾರಿಗಳು ಕೆಟ್ಟರೆ ಅವರಲ್ಲಿಗೇ ಬರುತ್ತಿದ್ದವು. ಹೆಂಡತಿ ನನ್ನ ಚಿಕ್ಕಮ್ಮನ ವಯಸ್ಸಿನಾಕೆ, ನಾನು ಆಪಾ ಅನ್ನುತ್ತಿದ್ದೆ. ನಾವಿಬ್ಬರೂ ತಟ್ಟಿಯ ಈಚೆ ಆಚೆ ನಿಂತು ಮಾತಾಡುವುದು ಪಿಸುಮಾತಿನಲ್ಲೇ. ಆಪಾ ತಮ್ಮ ಗಂಡ ಮನೆಯಲ್ಲಿಲ್ಲದಿದ್ದರೂ ನನ್ನ ಗಂಡನ ನಿದ್ದೆಗೋಸ್ಕರ ದನಿ ಇಳಿಸುತ್ತಿದ್ದರು.

ಆ ವರ್ಷದ ಮುಂಗಾರಿನ ಮಿರಗದ ಮಳೆ ಜೋರಾಗಿ ಹೊಡೆದು, ಮರುದಿನ ಬಿಸಿಲು ಬಿದ್ದಿತ್ತು. ನಾನು ಬಟ್ಟೆ ಹರವುತ್ತಿದ್ದೆ. ತಟ್ಟಿಯ ಮೇಲೆ ಆಪಾರ ಮುಖ ಕಾಣಿಸಿತು. ಪಿಸುಮಾತಿನಲ್ಲಿ ಕಿರುಚುವುದು ಹೇಗೆಂದು ಅವತ್ತು ನೋಡಿದೆ.

"ತಂಗೀ, ಲಗೂನ ಬಾ! ಬುಲಬುಲ್ ಆಯಿಲಿನ್ಯಾಗ ಬಿದ್ದೈತಿ!"

ನಾನು ಬೀದಿ ಸುತ್ತಿಕೊಂಡು ಹೋಗಲಿಲ್ಲ. ತಟ್ಟಿಯ ಮೂಲೆ ಸರಿಸಿ ನುಗ್ಗಿದೆ. ಲಾರಿಯಿಂದ ಇಳಿಸಿದ ಸುಟ್ಟ ಆಯಿಲನ್ನು ಮಿಸ್ತ್ರಿ ಅಂಗಳದಲ್ಲಿ ಒಂದು ಅಗಲ ಬೋಗುಣಿಯಲ್ಲಿ ಇಡುತ್ತಿದ್ದರು. ರಾತ್ರಿಯ ಮಳೆಗೆ ಅದು ತುಂಬಿಕೊಂಡು, ನೀರೆಲ್ಲ ಕೆಳಗೆ ಹೋಗಿ, ಎಣ್ಣೆ ಮೇಲೆ ತೇಲಿ ಬಿಸಿಲಿಗೆ ಬಣ್ಣಬಣ್ಣ ಹೊಳೆಯುತ್ತಿತ್ತು. ನೀರು ಅಂದುಕೊಂಡು ಆ ಜುಟ್ಟಿನ ಹಕ್ಕಿ ಮೀಯಲು ಇಳಿದುಬಿಟ್ಟಿದೆ. ಅಷ್ಟು ಹೊತ್ತಿಗೆ ಹೇಗೋ ಅಂಚಿನಿಂದ ಹೊರಗೆ ಉರುಳಿ ಮಣ್ಣಿನಲ್ಲಿ ಬಿದ್ದಿತ್ತು. ರೆಕ್ಕೆ ಬಿಚ್ಚಲು ನೋಡುತ್ತಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಗರಿಗಳೆಲ್ಲ ಒಂದಕ್ಕೊಂದು ಅಂಟಿ ಕಡ್ಡಿ ಕಡ್ಡಿಯಾಗಿದ್ದವು. ಆಪಾರ ಬೆಕ್ಕು ಅಡುಗೆಮನೆಯ ಹೊಸ್ತಿಲಿನಲ್ಲಿ ಬಗ್ಗಿ ಕೂತಿತ್ತು. ಆಪಾ ಅದನ್ನು ಒಳಗೆ ದೂಡಿ ಬಾಗಿಲು ಹಾಕಿದರು.

ನಾನು ಹಕ್ಕಿಯನ್ನು ಎತ್ತಿಕೊಂಡೆ. ನನ್ನ ಕೈಯೊಳಗೆ ಅದರ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಬಿಟ್ಟುಬಿಡಬೇಕೆನಿಸಿತು. ಅಷ್ಟರಲ್ಲಿ ಮಿಸ್ತ್ರಿ ಬಂದರು. ನೋಡಿ ಮುಖ ಸಣ್ಣದು ಮಾಡಿಕೊಂಡು ಒಳಗಿನಿಂದ ಸೀಮೆಎಣ್ಣೆಯ ಡಬ್ಬಿ ತಂದರು.

"ವೈನಿ, ಕೈ ಆಯಿಲ್ ಆದ್ರ ನಾವು ಇದರಾಗ ತೊಳೀತೀವಿ. ಕ್ಷಣದಾಗ ಹೋಗ್ತೈತಿ."

"ಅದು ನಿಮ್ಮ ಕೈ ಅಲ್ರಿ," ಅಂದರು ಆಪಾ. "ಕಣ್ಣಿಗೆ ಹೋದ್ರ? ಹೊಟ್ಟಿಗೆ ಹೋದ್ರ?"

ಮೂವರಿಗೂ ಏನು ಮಾಡಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಮೊದಲು ಕಡಲೆಹಿಟ್ಟು ಉದುರಿಸಿ ಒತ್ತಿದೆವು. ಹಿಟ್ಟು ಕರ್ರಗಾಗಿ ಉಂಡೆಯಾಗಿ ಬಿತ್ತು. ಆಮೇಲೆ ಆಪಾ ಸೀರೆ ತೊಳೆಯಲು ಇಟ್ಟುಕೊಂಡಿದ್ದ ಅಂಟವಾಳದ ಕಾಯಿ ಬಿಸಿನೀರಿನಲ್ಲಿ ಕಿವುಚಿ ನೊರೆ ಮಾಡಿದರು. ನಾನು ಹಿಡಿದುಕೊಂಡೆ, ಅವರು ತೊಳೆದರು. ನೀರು ಕಪ್ಪಾದರೆ ಚೆಲ್ಲುವುದು, ಮತ್ತೆ ಹೊಸ ನೀರು. ಗರಿ ಹುಟ್ಟಿದ ದಿಕ್ಕಿಗೇ ಬೆರಳು ಓಡಿಸಬೇಕು, ಎದುರು ಹೋದರೆ ಹಕ್ಕಿಗೂ ನೋವು, ಗರಿಯೂ ಹರಿದಂತಾಗುತ್ತದೆ ಎನ್ನುವುದು ತೊಳೆಯುತ್ತಾ ತೊಳೆಯುತ್ತಾ ತಿಳಿಯಿತು. ಬಾಲದ ಹತ್ತಿರ ಎಣ್ಣೆ ಗಟ್ಟಿಯಾಗಿ ಮೆತ್ತಿತ್ತು. ಆಪಾ ತುಸು ಎಳೆದರೋ ಇಲ್ಲವೋ, ಹಕ್ಕಿ ಜೋರಾಗಿ ಒದರಿಕೊಂಡಿತು, ಬಾಲದ ಗರಿಗಳೆಲ್ಲ ಅವರ ಕೈಯಲ್ಲೇ ಉಳಿದವು.

"ಯಾ ಅಲ್ಲಾ!" ಆಪಾ ಕೈ ನೋಡಿಕೊಂಡು ಅಳುವ ಹಾಗಾದರು.

"ಹೋಗ್ಲಿ ಬಿಡ್ರಿ ಆಪಾ, ಜೀವ ಐತಲ್ಲ," ಅಂದೆ.

ಕೊನೆಗೆ ಒದ್ದೆಯಾಗಿ ನನ್ನ ಅಂಗೈಯಲ್ಲಿ ಉಳಿದದ್ದು ಹಕ್ಕಿಯ ಹಾಗೇ ಇರಲಿಲ್ಲ. ಒಂದು ಸುಂಡಿಲಿಯಷ್ಟು ಮೈ, ಕಡ್ಡಿಯಂಥ ಕಾಲು, ಚರ್ಮದ ಮೇಲೆ ಒದ್ದೆ ದಾರಗಳು. ನಾನು ಇಷ್ಟು ದಿನ ಹಕ್ಕಿ ಅಂದುಕೊಂಡದ್ದು ಬಹಳಮಟ್ಟಿಗೆ ಗರಿಯೇ ಆಗಿತ್ತು. ಒಲೆಯ ಮುಂದೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕೂತೆವು. ಮಿಸ್ತ್ರಿ ಚಹಾ ಮಾಡಿ ಬಟ್ಟಲು ನನ್ನ ಮುಂದೆ ಇಟ್ಟರು. ಅವರ ಮನೆಯಲ್ಲಿ ನೀರು ಸಹ ಮುಟ್ಟಬಾರದೆಂದು ಅತ್ತೆ ಹೇಳಿದ್ದು ನನಗೆ ನೆನಪಾದದ್ದು ಬಟ್ಟಲು ಬರಿದಾದ ಮೇಲೆ. ಆಪಾ ಅದನ್ನು ಗಮನಿಸಿದ್ದರೆಂದು ಕಾಣುತ್ತದೆ. ಇನ್ನಷ್ಟು ಹಾಕಲೇ ಅಂತ ಕಣ್ಣಲ್ಲೇ ಕೇಳಿದರು, ನಾನು ಬಟ್ಟಲು ಮುಂದೆ ಮಾಡಿದೆ.

ಬೆಕ್ಕಿನ ಮನೆಯಲ್ಲಿ ಹಕ್ಕಿ ಇಡುವ ಹಾಗಿರಲಿಲ್ಲ. ರೊಟ್ಟಿ ಬುಟ್ಟಿಯಲ್ಲಿ ಹಳೆ ಬಟ್ಟೆ ಹಾಸಿ, ಮೇಲೆ ಜಾಳಿಗೆ ಬಟ್ಟೆ ಕಟ್ಟಿ ನಾನೇ ಮನೆಗೆ ತಂದೆ. ನಮ್ಮವರಿಗೆ ಹೇಳಲಿಲ್ಲ. ಆಗ ನಮ್ಮಿಬ್ಬರ ನಡುವೆ ಮಾತೇ ಅಷ್ಟಿರಲಿಲ್ಲ. ಊಟಕ್ಕೆ ಬರ್ರಿ, ನೀರು ಕಾದೈತಿ, ಹೋಗಿ ಬರ್ತೇನಿ ಇವಷ್ಟೇ. ಸಂಜೆ ಅವರು ಪಾಳಿಗೆ ಹೊರಟ ಮೇಲೆ ಬುಟ್ಟಿ ತೆಗೆದು ನೋಡಿದೆ. ಹಕ್ಕಿ ಉಬ್ಬಿಕೊಂಡು ಕಣ್ಣು ಮುಚ್ಚಿ ಕೂತಿತ್ತು. ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ ಅಂದುಕೊಂಡೆ. ಬೆಳಿಗ್ಗೆ ಪಪಾಯಿ ಹಣ್ಣಿನ ಚೂರು ಹಿಡಿದರೆ ನನ್ನ ಬೆರಳನ್ನೂ ಸೇರಿಸಿ ಕುಕ್ಕಿತು.

ಆಮೇಲಿನ ದಿನಗಳಲ್ಲಿ ನನ್ನ ಚಡಪಡಿಕೆಗೆ ಒಂದು ಜಾಗ ಸಿಕ್ಕಿತು, ಆದರೆ ಅದು ಇನ್ನೂ ಹೆಚ್ಚಾಯಿತು. ಹೊರಗೆ ನುಗ್ಗೆಗಿಡದಲ್ಲಿ ಇದರ ಜೋಡಿ ಕೂತು ದಿನವಿಡೀ ಕರೆಯುತ್ತಿತ್ತು. ಒಳಗಿನದು ಮೊದಲು ಸುಮ್ಮನಿತ್ತು, ಮೈಯಲ್ಲಿ ಶಕ್ತಿ ಬರುತ್ತಿದ್ದಂತೆ ಉತ್ತರ ಕೊಡತೊಡಗಿತು. ಅದು ಬಾಯಿ ತೆರೆದರೆ ಸಾಕು, ಬುಟ್ಟಿ ಎತ್ತಿಕೊಂಡು ಬಚ್ಚಲಿಗೆ ಓಡುವುದು, ಬಚ್ಚಲಿನಿಂದ ಹಿತ್ತಲಿಗೆ, ಹಿತ್ತಲಲ್ಲಿ ಕಾಗೆ ಬಂದರೆ ಮತ್ತೆ ಒಳಗೆ. ಪರದೆಯ ಆಚೆ ನಮ್ಮವರು ಒಂದು ಸಲ ಮಗ್ಗಲು ಬದಲಿಸಿದರೂ ಉಸಿರು ಹಿಡಿದು ನಿಲ್ಲುತ್ತಿದ್ದೆ.

ಆಪಾ ತಟ್ಟಿ ದಾಟಿ ಬರುತ್ತಿದ್ದರು. ಇಬ್ಬರೂ ಕೂತು ಅದು ಮೈ ತೀಡಿಕೊಳ್ಳುವುದನ್ನು ನೋಡುತ್ತಿದ್ದೆವು. ಬಾಲವಿಲ್ಲದ ಬುಡಕ್ಕೆ ಕೊಕ್ಕು ತಿರುಗಿಸಿ ಏನನ್ನೋ ಒತ್ತಿ ತೆಗೆದುಕೊಂಡು, ಆಮೇಲೆ ಅದೇ ಕೊಕ್ಕಿನಿಂದ ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಎಳೆಯುತ್ತಿತ್ತು.

"ಅಲ್ಲೇನೋ ಗಾಯ ಆಗೈತಿ, ನಾ ಎಳದ ಜಾಗದಾಗ," ಅಂತ ಆಪಾ ಕಳವಳ ಮಾಡಿಕೊಂಡರು.

ನಾನು ಅದನ್ನು ಹಿಡಿದು ಅಲ್ಲಿಯ ತುಪ್ಪಳ ಸರಿಸಿ ನೋಡಿದೆ. ಗಾಯವಲ್ಲ, ಒಂದು ಸಣ್ಣ ಮೊಗ್ಗಿನಂಥದ್ದು, ಮುಟ್ಟಿದರೆ ಬೆರಳು ಜಿಡ್ಡಾಯಿತು. ಹಕ್ಕಿ ತನ್ನ ಎಣ್ಣೆಯನ್ನು ತಾನೇ ಇಟ್ಟುಕೊಂಡಿತ್ತು. ನಾವು ಆಯಿಲಿನ ಜೊತೆ ಅದನ್ನೂ ತೊಳೆದುಬಿಟ್ಟಿದ್ದೆವು. ಈಗ ಅದು ಮೈಗೆಲ್ಲ ಮತ್ತೆ ಹಚ್ಚಿಕೊಳ್ಳುತ್ತಿತ್ತು.

ಆಪಾರ ಕೈಯಲ್ಲಿ ಉಳಿದಿದ್ದ ಬಾಲದ ಗರಿಗಳ ಪೈಕಿ ಒಂದನ್ನು ತೊಳೆದು ಒಣಗಿಸಿ ನಾನು ಆಟ ಆಡುತ್ತಿದ್ದೆ. ಎದುರು ದಿಕ್ಕಿಗೆ ಬೆರಳು ಎಳೆದರೆ ಅದು ಬಾಚಣಿಗೆಯ ಹಲ್ಲಿನ ಹಾಗೆ ಬಿಡಿಬಿಡಿಯಾಗುತ್ತಿತ್ತು, ಗಾಳಿ ಸರಾಗ ತೂರಿಹೋಗುತ್ತಿತ್ತು. ಬುಡದಿಂದ ತುದಿಗೆ ಒಂದು ಸಲ ಬೆರಳು ಸವರಿದರೆ ಎಳೆಗಳೆಲ್ಲ ಮತ್ತೆ ಕೂಡಿಕೊಂಡು ಬಟ್ಟೆಯ ಹಾಗಾಗುತ್ತಿತ್ತು. ಊದಿದರೆ ಗಾಳಿ ಆಚೆ ಹೋಗುತ್ತಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳು ಅವುಗಳನ್ನು ಹಿಡಿದಿಡುತ್ತವೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಆಗ ನನಗೆ ತಿಳಿದದ್ದು ಇಷ್ಟೇ: ಇದು ದಿನವಿಡೀ ಕೊಕ್ಕಿನಿಂದ ಎಳೆದು ಎಳೆದು ಮಾಡುತ್ತಿರುವುದು ಸಿಂಗಾರವಲ್ಲ, ಹರಿದ ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ. ಅದು ಮುಗಿಯದೆ ಇದಕ್ಕೆ ಹಾರಲು ಬರುವುದಿಲ್ಲ.

ಒಂದು ಮಧ್ಯಾಹ್ನ ನಾನು ಬುಟ್ಟಿಯ ಬಟ್ಟೆ ಬದಲಿಸುತ್ತಿದ್ದಾಗ ಅದು ಕೈ ತಪ್ಪಿಸಿಕೊಂಡಿತು. ಹಾರಿತು! ನನಗೆ ಸಂತೋಷ ಆಗುವಷ್ಟೂ ಪುರುಸೊತ್ತು ಕೊಡಲಿಲ್ಲ. ನೆಟ್ಟಗೆ ಪರದೆಗೆ ಹೊಡೆದು, ಕೆಳಗಿನಿಂದ ತೂರಿ ಆಚೆ ಹೋಯಿತು. ನಾನು ಪರದೆ ಎತ್ತಿ ನೋಡುವಷ್ಟರಲ್ಲಿ ಗೋಡೆಗೆ ಬಡಿದು, ನಮ್ಮವರು ಹೊದ್ದ ಕೌದಿಯ ಮೇಲೆ ಬಿದ್ದು, ಜುಟ್ಟು ನೆಟ್ಟಗೆ ಮಾಡಿ ಕೂತಿತ್ತು.

ಅವರು ಕಣ್ಣು ಬಿಟ್ಟಿದ್ದರು. ಹಕ್ಕಿಯನ್ನು ನೋಡಿದರು. ಆಮೇಲೆ ನನ್ನನ್ನು.

"ತಪ್ಪಾತ್ರಿ," ಅಂದೆ. "ನಿದ್ದಿ ಕೆಡಿಸಿದೆ."

"ಎಲ್ಲಿ ನಿದ್ದಿ?" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಎದ್ದು ಕೂತರು, ಹಕ್ಕಿ ಹೆದರದಂತೆ ನಿಧಾನಕ್ಕೆ.

"ನನಗ ಹಗಲ ನಿದ್ದಿ ಬರೂದಿಲ್ಲ. ಈ ಪಾಳಿ ಸುರು ಆದಾಗಿನಿಂದ ಬರ‍್ತಿಲ್ಲ. ಒಂದೀಟು ಕಣ್ಣ ಹತ್ತತೈತಿ, ಎಚ್ಚರಾಗತೈತಿ. ಆಮ್ಯಾಲ ಗ್ವಾಡಿ ನೋಡ್ಕೋತ ಬಿದ್ದಿರ್ತೇನಿ."

"ಹಂಗಾದ್ರ ಯಾಕ ಏಳೂದಿಲ್ಲರಿ?"

"ನೀ ಅಷ್ಟು ಜತನ ಮಾಡ್ತಿ. ಬಳಿ ಮ್ಯಾಲ ಏರಿಸ್ಕೋತಿ, ಭಾಂಡಿ ಹೊರಗ ಒಯ್ತಿ. ಇಷ್ಟೆಲ್ಲಾ ನೀ ಮಾಡೂದು ನೋಡಿ, ನಾ ಎದ್ದು ಕುಂತ್ರ ನಿಂಗ ಕೆಟ್ಟ ಅನಸ್ತೈತಿ ಅಂತ ಮಲಗೇ ಇರ್ತಿದ್ದೆ." ಹಕ್ಕಿಯನ್ನು ನೋಡುತ್ತಾ ಹೇಳಿದರು, "ಹಕ್ಕಿ ಬಂದದ್ದು ಗೊತ್ತೈತಿ. ದಿನಾ ಒದರತೈತಲ್ಲ. ನೀ ಅದನ್ನ ಹೊತ್ಕೊಂಡು ಓಡೂದು ಕೇಳತಿತ್ತು."

ನಾನು ನೆಲದ ಮೇಲೆ ಕೂತುಬಿಟ್ಟೆ. ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಆಯಿತು. ಇಷ್ಟು ತಿಂಗಳು ಪರದೆಯ ಈಚೆ ನಾನು, ಆಚೆ ಅವರು. ಒಬ್ಬರ ಸಲುವಾಗಿ ಒಬ್ಬರು ಅಲುಗಾಡದೆ ಕೊಳೆಯುತ್ತಿದ್ದೆವು. ಅವರೂ ಇಂದೂರಿನ ಹೊಲದಿಂದ ಎದ್ದು ಬಂದವರು, ಅವರ ಕಾಲಲ್ಲೂ ಅದೇ ಹರಿದಾಟ ಇತ್ತು ಎನ್ನುವುದು ನನಗೆ ಹೊಳೆದಿರಲೇ ಇಲ್ಲ. ಅವತ್ತು ಸಂಜೆಯವರೆಗೆ ಮಾತಾಡಿದೆವು. ಅವರು ಗೋಣಿಚೀಲ ಬಿಚ್ಚಿ ಕಿಟಕಿ ತೆರೆದರು.

ಮರುದಿನದಿಂದ ಹಕ್ಕಿ ಇಬ್ಬರದ್ದಾಯಿತು. ಪಾಳಿ ಮುಗಿಸಿ ಬರುವಾಗ ಹುಲ್ಲಿನಲ್ಲಿ ಮಿಡತೆ ಹಿಡಿದು ಕಡ್ಡಿಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಅಂಗಿಯ ಕಿಸೆಯಲ್ಲಿ ಅದು ಟಪಟಪ ಅನ್ನುತ್ತಿತ್ತಂತೆ, ಪಕ್ಕದಲ್ಲಿ ನಡೆಯುವವರು ಏನದು ಅಂತ ಕೇಳುತ್ತಿದ್ದರಂತೆ. ಖೋಲಿಯಲ್ಲಿ ಅದನ್ನು ಬಿಟ್ಟು ಹಾರಿಸಿ ನೋಡುತ್ತಿದ್ದೆವು. ರೆಕ್ಕೆ ಈಗ ಸರಿಯಾಗಿತ್ತು. ಬಿಚ್ಚಿದಾಗ ತುದಿಯ ಉದ್ದ ಗರಿಗಳು ಬೆರಳಿನ ಹಾಗೆ ಅಗಲುತ್ತಿದ್ದವು, ಮೈ ಕಡೆಯವು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂರುತ್ತಿದ್ದವು. ಕೆಳಗೆ ಬಡಿದಾಗ ಎಲ್ಲ ಒತ್ತಿಕೊಂಡು ಒಂದೇ ಹಲಗೆ. ಮೇಲೆತ್ತುವಾಗ ರೆಕ್ಕೆ ಮಡಚಿ ಚಿಕ್ಕದಾಗುತ್ತಿತ್ತು. ಏರುವುದಕ್ಕೆ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ತಿರುಗುವುದಕ್ಕೆ, ನಿಲ್ಲುವುದಕ್ಕೆ. ಗೋಡೆ ಬರುತ್ತದೆ ಅಂತ ಗೊತ್ತಿದ್ದೂ ಹೋಗಿ ಬಡಿದುಕೊಳ್ಳುತ್ತಿತ್ತು. ಹಗ್ಗದ ಮೇಲೆ ಕೂತರೆ ಮುಂದಕ್ಕೆ ಮುಗ್ಗರಿಸುತ್ತಿತ್ತು.

"ಚುಕ್ಕಾಣಿ ಇಲ್ಲ ಇದಕ್ಕ," ಅಂದರು ನಮ್ಮವರು. "ಬ್ರೇಕೂ ಇಲ್ಲ."

ಬಾಲದ ಬುಡದಲ್ಲಿ ಹೊಸ ಗರಿ ಬರುತ್ತಿತ್ತು. ಮೊದಲು ನೀಲಿ ಬಣ್ಣದ ಸೂಜಿಯ ತುದಿಗಳು ಚರ್ಮದಿಂದ ಚುಚ್ಚಿಕೊಂಡು ಹೊರಬಂದವು. ಆಮೇಲೆ ಸೂಜಿಯ ತುದಿ ಒಡೆದು, ಮಡಚಿಟ್ಟ ಕುಂಚದ ಹಾಗೆ ಗರಿ ಇಣುಕಿತು. ಹಕ್ಕಿ ಆ ಸಿಪ್ಪೆಯನ್ನು ಕೊಕ್ಕಿನಲ್ಲಿ ಕಡಿದು ಬಿಳಿ ಹೊಟ್ಟು ಉದುರಿಸುತ್ತಿತ್ತು. ನನಗೆ ತಡೆಯುತ್ತಿರಲಿಲ್ಲ. ದಿನಕ್ಕೆ ಎಷ್ಟು ಸಲ ಹಿಡಿದು ನೋಡುತ್ತಿದ್ದೆನೋ. ಆಪಾ ಗದರಿದರು, "ಹಿಂಗ ಘಳಿಗಿಗೊಮ್ಮೆ ನೋಡಿದ್ರ ಬೆಳೀತೈತೇನ? ಬಿಡ ಅದನ್ನ."

ಒಂದು ದಿನ ಜಿನುಗು ಮಳೆ. ತೆರೆದಿಟ್ಟ ಕಿಟಕಿಯ ಹೊರಗೆ ಜೋಡಿ ಕರೆಯಿತು. ಒಳಗಿನದು ಒಂದೇ ನೆಗೆತಕ್ಕೆ ಹೊರಗೆ ಹೋಯಿತು. ಬಾಲ ಇನ್ನೂ ಅರ್ಧ ಬೆರಳು ಸಹ ಬಂದಿರಲಿಲ್ಲ. ನಾನು ಬರಿತಲೆಯಲ್ಲಿ ಮಳೆಯಲ್ಲೇ ಓಡಿದೆ. ನುಗ್ಗೆಗಿಡದ ತನಕ ಹೋಗಿ, ಕೊಂಬೆ ಹಿಡಿಯಲಾರದೆ, ಸುತ್ತು ಹೊಡೆದು ತಟ್ಟಿಯ ಆಚೆ ಬಿತ್ತು. ಎದ್ದಿತು, ಮತ್ತೆ ಹಾರಿತು, ಆದರೆ ಮಳೆನೀರು ಮೈಯಲ್ಲಿ ಇಳಿಯತೊಡಗಿತ್ತು. ಬೇರೆ ಹಕ್ಕಿಗಳ ಬೆನ್ನಿನ ಮೇಲಿಂದ ಹನಿ ಜಾರಿ ಹೋಗುತ್ತಿತ್ತು. ಇದು ಹಳೆ ಬಟ್ಟೆಯ ಹಾಗೆ ನೀರು ಕುಡಿಯಿತು. ರಸ್ತೆಯ ಕಡೆ ಹೋದದ್ದಷ್ಟೇ ಕಂಡಿತು. ನಾನು, ನಮ್ಮವರು, ಆಪಾ ಮೂವರೂ ಹುಡುಕಿದೆವು. ಕಾಗೆಗಳು ಒಂದು ಕಡೆ ಗುಂಪಾಗಿ ಗದ್ದಲ ಮಾಡಿದರೆ ನಾನು ಅತ್ತ ಓಡುತ್ತಿದ್ದೆ.

ಸಿಕ್ಕಿದ್ದು ಮಿಸ್ತ್ರಿಗೆ. ಕೆಟ್ಟು ನಿಂತ ಬಿದಿರಿನ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ, ಟಾಯರಿನ ಹಿಂದೆ ಏನೋ ಅಲುಗಿತಂತೆ. ಟೋಪಿಯಲ್ಲಿ ಮುಚ್ಚಿ ಹಿಡಿದುಕೊಂಡು ಬಂದರು. ಬೋಗುಣಿಯ ಘಟನೆ ಆದಾಗಿನಿಂದ ಅವರು ಆಯಿಲಿಗೆ ಮುಚ್ಚಳ ಹಾಕುತ್ತಿದ್ದರು, ಹಕ್ಕಿಯ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಅವತ್ತು ಮಾತ್ರ ನಮ್ಮ ಹೊಸ್ತಿಲಿನಲ್ಲಿ ನಿಂತು ಟೋಪಿ ಮುಂದೆ ಚಾಚಿ, "ಹಿಡೀರಿ ವೈನಿ, ಜಿಂದಾ ಐತಿ," ಅಂತ ಜೋರಾಗಿ ಹೇಳಿದರು.

ಮತ್ತೆ ಒಲೆ, ಬಟ್ಟೆ, ಬುಟ್ಟಿ. ಈ ಸಲ ಕಾಯುವುದು ಹೆಚ್ಚು ಕಷ್ಟವಾಯಿತು. ಆಷಾಢವೆಲ್ಲ ಸುರಿಯಿತು. ನಾನು ಬೆರಳನ್ನು ನೀರಿನಲ್ಲಿ ಅದ್ದಿ ಹಕ್ಕಿಯ ಬೆನ್ನಿಗೆ ಸಿಡಿಸಿ ನೋಡುತ್ತಿದ್ದೆ. ಮೊದಮೊದಲು ಹನಿ ಇಂಗುತ್ತಿತ್ತು. ಶ್ರಾವಣ ಬರುವ ಹೊತ್ತಿಗೆ ಒಂದು ದಿನ ಅದು ಕೆಸುವಿನೆಲೆಯ ಮೇಲಿನ ಹಾಗೆ ದುಂಡಗೆ ನಿಂತು ಉರುಳಿ ಬಿತ್ತು. ನಾನು ನಮ್ಮವರನ್ನು ಕೂಗಿದೆ. ಆ ಮನೆಯಲ್ಲಿ ನಾನು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲಿರಬೇಕು, ತಟ್ಟಿಯ ಆಚೆಯಿಂದ ಆಪಾ ಗಾಬರಿಯಾಗಿ ಓಡಿ ಬಂದರು.

ಬಾಲವೂ ಪೂರ್ತಿ ಬಂದಿತ್ತು. ಖೋಲಿಯಲ್ಲಿ ಅದು ಗೋಡೆಯ ಹತ್ತಿರ ಹೋಗಿ ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿ, ತಟ್ಟನೆ ನಿಂತು, ತಿರುಗಿ ಬರುತ್ತಿತ್ತು. ಹಗ್ಗದ ಮೇಲೆ ಇಳಿಯುವಾಗ ಬಾಲ ಕೆಳಗೆ ಒತ್ತಿ ತೂಕ ಹಿಡಿಯುತ್ತಿತ್ತು. ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಪಾಳಿಯಿಂದ ಬಂದವರು ಅಂಗಿ ಸಹ ಬಿಚ್ಚದೆ, "ಇವತ್ತ ಬಿಡೂಣು," ಅಂದರು. ಹಿತ್ತಲಿಗೆ ತಂದು ಬುಟ್ಟಿ ತೆರೆದೆವು. ಅದು ಅಂಚಿಗೆ ಬಂದು ಕೂತು, ಎಡ ರೆಕ್ಕೆ ಒಂದು ಸಲ, ಬಲ ರೆಕ್ಕೆ ಒಂದು ಸಲ ತೀಡಿಕೊಂಡಿತು. ನಮ್ಮ ಕಡೆ ನೋಡಲೇ ಇಲ್ಲ. ಹಾರಿ ನುಗ್ಗೆಗಿಡದ ತುದಿಗೆ, ಅಲ್ಲಿಂದ ಚಾಳಿನ ಹೆಂಚಿನ ಮೇಲೆ, ಅಲ್ಲಿಂದ ಕಾಡಿನ ಕಡೆ. ಹೆಂಚಿನ ಮೇಲೆ ಇನ್ನೊಂದು ಹಕ್ಕಿ ಅದರ ಹತ್ತಿರ ಬಂದು ಕೂತಿತ್ತು. ಹಳೆಯ ಜೋಡಿಯೋ, ಬೇರೆಯದೋ ನನಗೆ ಗೊತ್ತಿಲ್ಲ. ಆಪಾ ಮಾತ್ರ ಅದೇ ಅಂತ ಆಣೆ ಮಾಡಿದರು.

ಅದು ಹೋದ ಮೇಲೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಎರಡು ಮೂರು ದಿನ ಬುಟ್ಟಿ ಎಲ್ಲಿಡಬೇಕೆಂದು ತಿಳಿಯದೆ ಎತ್ತಿಕೊಂಡು ಓಡಾಡಿದೆ. ಕೊನೆಗೆ ಒಂದು ಮಧ್ಯಾಹ್ನ ಹೇಳಿಯೇಬಿಟ್ಟೆ.

"ರೀ, ನನಗ ಹಿಂಗ ಕುಂತಿರಾಕ ಆಗೂದಿಲ್ಲ. ಹುಚ್ಚ ಹಿಡೀತೈತಿ."

"ಏನ್ ಮಾಡಬೇಕಂತಿ?"

"ಮಣ್ಣಾಗ ಕೆಲಸ. ಎಲ್ಲೆರೆ ಆಗ್ಲಿ."

ಅವರು ನಗಲಿಲ್ಲ. ಊರ ಹೊರಗೆ, ಹಳ್ಳದ ದಂಡೆಯಲ್ಲಿ, ಜೋಯಿಡಾ ಕಡೆಯ ಒಬ್ಬ ಮುದುಕಿಯ ತುಂಡು ಜಮೀನು ಪಾಳುಬಿದ್ದಿತ್ತು. ಆಕೆಗೆ ಕೊಂಕಣಿ ಬಿಟ್ಟು ಬೇರೆ ಬರುತ್ತಿರಲಿಲ್ಲ, ನಮಗೆ ಕೊಂಕಣಿ ಬರುತ್ತಿರಲಿಲ್ಲ. ಬೆಳೆದದ್ದರಲ್ಲಿ ಪಾಲು ಕೊಡುವುದೆಂದು ಕೈಸನ್ನೆಯಲ್ಲೇ ಮಾತಾಯಿತು. ನಾನು ಬದನೆ, ಮೆಣಸಿನಕಾಯಿ, ಹರಿವೆ ಹಾಕಿದೆ. ನಮ್ಮವರು ಪಾಳಿ ಮುಗಿಸಿ ನೆಟ್ಟಗೆ ಅಲ್ಲಿಗೇ ಬಂದು ಗುದ್ದಲಿ ಹಿಡಿಯುತ್ತಿದ್ದರು. ಸೊಸೆ ತಲೆಯ ಮೇಲೆ ಕಾಯಿಪಲ್ಲೆ ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಾಳೆಂದು ತಿಳಿದು ಅತ್ತೆ ಇಂದೂರಿನಿಂದ ಬಂದು ಕೂಗಾಡಿದರು.

"ಗಿರಣ್ಯಾಗ ದುಡಿಯೂ ಗಂಡ ಇದ್ದಾಂವ, ಏನ್ ಕಮ್ಮಿ ಆಗೈತಿ ನಿಂಗ?"

ನಾನು ಉತ್ತರ ಹುಡುಕುವಷ್ಟರಲ್ಲಿ ಇವರು ಹೇಳಿದರು, "ಅವ್ವಾ, ಆಕಿಗೆ ಕಮ್ಮಿ ಆಗಿಲ್ಲ. ಆಕಿಗೆ ಕೆಲಸ ಬೇಕು. ನನಗೂ ಬೇಕು." ಅತ್ತೆ ಮುಖ ತಿರುವಿದರು. ಹೊರಡುವ ದಿನ ನಾನು ಕಟ್ಟಿಕೊಟ್ಟ ಬದನೆಕಾಯಿಯ ಗಂಟನ್ನು ಬೇಡ ಅನ್ನಲಿಲ್ಲ.

ಮುಂದೆ ಮುಂಡಗೋಡದ ಕಡೆ ಕಾಡು ಸವರಿ ಹೊಸದಾಗಿ ಹೊಲ ಮಾಡುವ ಕೆಲಸ ಜೋರಾಯಿತು. ಟ್ರ್ಯಾಕ್ಟರ್ ರಿಪೇರಿಗೆ ಮಿಸ್ತ್ರಿಗೆ ಅಲ್ಲಿ ಕರೆ ಬಂತು. ಆಪಾ ಸಾಮಾನು ಲಾರಿಗೆ ಏರಿಸುವಾಗ ನಾನು ಅತ್ತಿತ್ತ ಓಡಾಡಿ ಕಟ್ಟಿದ್ದನ್ನೇ ಮತ್ತೆ ಬಿಚ್ಚಿ ಕಟ್ಟಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಲಾರಿ ಹೊರಟ ಮೇಲೆ ನಾನು ಹಳ್ಳದ ದಂಡೆಗೆ ಹೋಗಿ ಕತ್ತಲಾಗುವ ತನಕ ಕಳೆ ಕಿತ್ತೆ.

ಒಂದೆರಡು ಸಲ ಅಲ್ಲಿಗೂ ಹೋಗಿ ಬಂದೆ, ಹಳಿಯಾಳದಲ್ಲಿ ಬಸ್ಸು ಬದಲಿಸಿ. ಮೊದಲ ಸಲ ಒಬ್ಬಳೇ ಹೊರಟಾಗ ನಮ್ಮವರು ಸ್ಟ್ಯಾಂಡಿಗೆ ಬಂದು ಕಂಡಕ್ಟರನಿಗೆ ನಾಲ್ಕು ನಾಲ್ಕು ಸಲ ಹೇಳಿ ಹತ್ತಿಸಿದರು. ಪಾಳಾದ ಕಡೆ ಹೋಗುವ ರಸ್ತೆಯಲ್ಲಿ ಆಪಾರ ಹೊಸ ಮನೆ. ಸುತ್ತ ಇನ್ನೂ ಮರದ ಬೊಡ್ಡೆಗಳು, ಕೆಂಪು ಮಣ್ಣು, ದೂರದಲ್ಲಿ ಟ್ರ್ಯಾಕ್ಟರಿನ ಸದ್ದು. ಹಿತ್ತಲಲ್ಲಿ ಅವರು ಪಪಾಯಿ ಸಸಿ ನೆಟ್ಟಿದ್ದರು, ಗೆದ್ದಲು ಹಿಡಿದು ಅರ್ಧ ಸತ್ತಿದ್ದವು. ಇಬ್ಬರೂ ಬುಡ ಬಿಡಿಸಿ ಬೂದಿ ಹಾಕಿದೆವು. ಊಟ ಮಾಡಿದೆವು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೂ ನಾನು ಚೀಲ ಹಿಡಿದು ರಸ್ತೆಗೆ ಬಂದುಬಿಟ್ಟೆ.

"ಕುಂದರ ಸ್ವಲ್ಪ," ಅಂದರು ಆಪಾ, ಮೈಲಿಗಲ್ಲು ತೋರಿಸಿ. "ಬಸ್ ಬರೂದು ಇನ್ನೂ ತಡ ಐತಿ."

ನಾನು ಕೂರಲಿಲ್ಲ. ಅವರೂ ಕೂರಲಿಲ್ಲ. ಬಸ್ಸಿನ ಧೂಳು ಕಾಣುವ ತನಕ ಆ ರಸ್ತೆಯ ಮೇಲೆ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ನಡೆಯುತ್ತಾ ಮಾತಾಡಿದೆವು.